ಉಚಿತ ಚಿತ್ರಕ್ಕೂ ಕರಾರು ಇರುತ್ತದೆ

ಸಕಲೇಶಪುರದ ಹತ್ತಿರದ ಒಂದು ಹೋಮ್‌ಸ್ಟೇಗೆ ಜಾಲತಾಣ ಮಾಡಿಕೊಡುವಾಗ, ಮುಖಪುಟಕ್ಕೆಂದು ಉಚಿತ ಚಿತ್ರಗಳ ತಾಣವೊಂದರಿಂದ ಕಾಫಿ ತೋಟದ ಫೋಟೊ ಆರಿಸಿದ್ದೆ. ಬೆಳಕು ಚೆನ್ನಾಗಿತ್ತು, ಹಸಿರು ಕಣ್ತುಂಬುವಂತಿತ್ತು, ಮೇಲೆ ಹೆಸರು ಬರೆಯಲು ಬೇಕಾದಷ್ಟು ಖಾಲಿ ಆಕಾಶವೂ ಇತ್ತು. ಮನೆಯ ಹಿರಿಯರು ಲ್ಯಾಪ್‌ಟಾಪಿನ ಮುಂದೆ ಕುಳಿತು, ಕನ್ನಡಕ ಏರಿಸಿಕೊಂಡು ನೋಡಿ, “ಇದು ನಮ್ಮ ಕಡೆಯ ತೋಟ ಅಲ್ಲಮ್ಮ, ಮರದ ನೆರಳೇ ಇಲ್ಲವಲ್ಲ” ಎಂದರು. ಅವರ ಮಾತು ನಿಜವಾಗಿತ್ತು. ಅದು ಬ್ರೆಜಿಲ್‌ನಲ್ಲಿ ಕಾಣುವಂತೆ, ಬಿಸಿಲಿನ ಬಯಲಿನಲ್ಲಿ ಯಂತ್ರ ಓಡಾಡಲು ಜಾಗ ಬಿಟ್ಟು ಸಾಲು ಹಿಡಿದು ನೆಟ್ಟ ತೋಟ. ಮಲೆನಾಡಿನ ಕಾಫಿ ಗಿಡ ಬೆಳೆಯುವುದು ಸಿಲ್ವರ್ ಓಕ್ ಮತ್ತು ಕಾಡುಮರಗಳ ಕೆಳಗೆ, ಆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಯ ಪಕ್ಕದಲ್ಲಿ.

ಸಣ್ಣ ಉದ್ಯಮಗಳಿಗೂ ಬರಹಗಾರರಿಗೂ ಜಾಲತಾಣ ಕಟ್ಟಿಕೊಡುವ ನನ್ನನ್ನು ಎಲ್ಲರೂ ಮೊದಲು ಕೇಳುವುದು, ಒಳ್ಳೆಯ ಚಿತ್ರ ಕಡಿಮೆ ಖರ್ಚಿನಲ್ಲಿ ಎಲ್ಲಿ ಸಿಗುತ್ತದೆ ಎಂದು. ತಾಣಗಳ ಹೆಸರು ಹೇಳುವುದು ಸುಲಭ. ಆದರೆ ಅದಕ್ಕೂ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಈ ಚಿತ್ರವನ್ನು ಬಳಸಲು ನನಗೆ ಅನುಮತಿ ಇದೆಯೆಂದು ನಾಳೆ ಕೇಳಿದವರಿಗೆ ತೋರಿಸಬಲ್ಲೆನೆ? ನಾನು ಹೇಳುತ್ತಿರುವ ವಿಷಯವನ್ನೇ ಈ ಚಿತ್ರ ತೋರಿಸುತ್ತಿದೆಯೆ? ಇವೆರಡು ಇತ್ಯರ್ಥವಾದ ಮೇಲೆಯೇ ಬೆಲೆಯ ಮಾತು.

ಅನ್‌ಸ್ಪ್ಲಾಶ್, ಪೆಕ್ಸೆಲ್ಸ್ ಮತ್ತು ಪಿಕ್ಸಾಬೇ ತಾಣಗಳ ಉಚಿತ ಚಿತ್ರಗಳನ್ನು ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಛಾಯಾಗ್ರಾಹಕರ ಹೆಸರು ಹಾಕುವುದು ಕಡ್ಡಾಯವಲ್ಲ, ಆದರೂ ನಾನು ಹಾಕುತ್ತೇನೆ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಕರಾರುಗಳು ಕಾಲಕಾಲಕ್ಕೆ ಬದಲಾಗುತ್ತವೆ. 2013ರಲ್ಲಿ ಆರಂಭವಾದ ಅನ್‌ಸ್ಪ್ಲಾಶ್ ಮೊದಲು ತನ್ನ ಚಿತ್ರಗಳನ್ನು ಸಿಸಿ ಝೀರೊ ಅಡಿಯಲ್ಲಿ, ಅಂದರೆ ಕೃತಿ ಹಂಚಿಕೊಳ್ಳಲು ಸಿದ್ಧ ಪರವಾನಗಿಗಳನ್ನು ರೂಪಿಸುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆಯ, ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ಕರಾರಿನಲ್ಲಿ ಕೊಡುತ್ತಿತ್ತು. 2017ರಲ್ಲಿ ತನ್ನದೇ ಪರವಾನಗಿಯನ್ನು ಜಾರಿಗೆ ತಂದಿತು, 2021ರಲ್ಲಿ ಗೆಟ್ಟಿ ಇಮೇಜಸ್ ಕಂಪನಿಯ ಕೈಸೇರಿತು. ಪಿಕ್ಸಾಬೇ ಕೂಡ 2019ರಲ್ಲಿ ಸಿಸಿ ಝೀರೊ ಬಿಟ್ಟು ಸ್ವಂತ ಪರವಾನಗಿಗೆ ಹೊರಳಿತು, ಅದೇ ವರ್ಷ ಅದನ್ನೂ ಪೆಕ್ಸೆಲ್ಸನ್ನೂ ವಿನ್ಯಾಸ ತಾಣವಾದ ಕ್ಯಾನ್ವಾ ಕೊಂಡುಕೊಂಡಿತು. ಆದ್ದರಿಂದ ನಾನು ಮಾಡುವ ಪ್ರತಿಯೊಂದು ಜಾಲತಾಣಕ್ಕೂ ಒಂದು ಎಕ್ಸೆಲ್ ಹಾಳೆ ಇರುತ್ತದೆ. ಚಿತ್ರದ ವಿಳಾಸ, ತೆಗೆದವರ ಹೆಸರು, ಇಳಿಸಿಕೊಂಡ ದಿನಾಂಕ, ಅಂದಿನ ಪರವಾನಗಿಯ ಹೆಸರು, ಜೊತೆಗೆ ಆ ಪುಟದ ಸ್ಕ್ರೀನ್‌ಶಾಟ್ ಇಷ್ಟನ್ನು ಅದರಲ್ಲಿ ದಾಖಲಿಸಲು ಎರಡು ನಿಮಿಷ ಸಾಕು.

ಈ ಹಾಳೆಯ ಬೆಲೆ ನನಗೆ ತಿಳಿದದ್ದು ಒಬ್ಬ ಗ್ರಾಹಕರಿಗೆ ನೋಟಿಸ್ ಬಂದಾಗ. ನನಗಿಂತ ಮೊದಲು ಅವರ ಜಾಲತಾಣ ಮಾಡಿದ್ದವರು ಗೂಗಲ್‌ನಲ್ಲಿ ಕಂಡ ಒಂದು ಚಿತ್ರವನ್ನು ಹಾಗೆಯೇ ಇಳಿಸಿ ಹಾಕಿದ್ದರು. ಚಿತ್ರವನ್ನು ಕೂಡಲೇ ತೆಗೆದರೂ ಅದುವರೆಗಿನ ಬಳಕೆಗೆ ಪರಿಹಾರ ಕೊಡಬೇಕಾಯಿತು, ಮತ್ತು ಆ ಮೊತ್ತ ಚಿತ್ರವನ್ನು ಕ್ರಮವಾಗಿ ಕೊಳ್ಳುವ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು. ಗೂಗಲ್ ಚಿತ್ರಗಳನ್ನು ಹುಡುಕಿಕೊಡುತ್ತದೆ, ಅನುಮತಿ ಕೊಡುವುದು ಅದರ ಕೆಲಸವಲ್ಲ. ಅಲ್ಲಿಯೇ ಹುಡುಕಬೇಕೆಂದಿದ್ದರೆ ಟೂಲ್ಸ್ ಒತ್ತಿ, ಬಳಕೆಯ ಹಕ್ಕುಗಳ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಆರಿಸಿ, ಅನಂತರ ಮೂಲ ಪುಟಕ್ಕೆ ಹೋಗಿ ಪರವಾನಗಿಯನ್ನು ಕಣ್ಣಾರೆ ಓದಬೇಕು.

ನಮ್ಮ ನಾಡಿನ ವಿಷಯ ಬರೆಯುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಹೆಸರು, ವಿಕಿಪೀಡಿಯದ ಬಳಗದ ಮುಕ್ತ ಚಿತ್ರಭಂಡಾರವಾದ ವಿಕಿಮೀಡಿಯಾ ಕಾಮನ್ಸ್. ಹಂಪಿಯ ಕಲ್ಲಿನ ರಥ, ಬಾದಾಮಿಯ ಗುಹೆಗಳು, ಹಳೇಬೀಡಿನ ಭಿತ್ತಿಶಿಲ್ಪ, ಯಕ್ಷಗಾನದ ವೇಷ ಇವೆಲ್ಲ ಬೇರೆ ಉಚಿತ ತಾಣಗಳಲ್ಲಿ ಸಿಕ್ಕಿದರೆ ಸಿಕ್ಕಿತು. ಕಾಮನ್ಸ್‌ನಲ್ಲಿ ಊರು, ದೇವಾಲಯಗಳ ಹೆಸರಿನಲ್ಲೇ ವರ್ಗೀಕರಿಸಿ ಇಟ್ಟಿದ್ದಾರೆ. ಆದರೆ ಇಲ್ಲಿ ಒಂದೊಂದು ಚಿತ್ರದ ಕರಾರು ಒಂದೊಂದು ಬಗೆ. ಸಿಸಿ ಬಿವೈ ಎಂದಿದ್ದರೆ ಹೆಸರು ಹಾಕಲೇಬೇಕು. ಅದರ ಮುಂದೆ ಎಸ್‌ಎ ಸೇರಿದ್ದರೆ, ಚಿತ್ರವನ್ನು ಮಾರ್ಪಡಿಸಿ ಪ್ರಕಟಿಸುವಾಗ ಮಾರ್ಪಟ್ಟ ಚಿತ್ರವನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ನಿಮ್ಮ ಬರಹಕ್ಕೆ ಅದು ತಗಲುವುದಿಲ್ಲ. ಫೋಟೊ ಹಂಚುವ ಫ್ಲಿಕರ್‌ನಂಥ ಕಡೆ ಎನ್‌ಸಿ ಎಂಬ ಗುರುತೂ ಕಾಣುತ್ತದೆ, ಅಂದರೆ ವಾಣಿಜ್ಯ ಬಳಕೆ ಸಲ್ಲದು. ಜಾಹೀರಾತಿನಿಂದ ನಾಲ್ಕು ಕಾಸು ಬರುವ ಬ್ಲಾಗಿನವರೂ ಅಂಥ ಚಿತ್ರವನ್ನು ಮುಟ್ಟದಿರುವುದೇ ಕ್ಷೇಮ.

ಹೆಸರು ಹಾಕುವುದೆಂದರೆ ‘ಕೃಪೆ: ಇಂಟರ್‌ನೆಟ್’ ಎಂದು ಬರೆಯುವುದಲ್ಲ. ಈ ಸಾಲನ್ನು ಕನ್ನಡದ ಒಳ್ಳೊಳ್ಳೆಯ ತಾಣಗಳಲ್ಲಿಯೂ ಕಂಡು ನನಗೆ ಬೇಸರವಾಗಿದೆ, ಏಕೆಂದರೆ ಬಿಸಿಲಿನಲ್ಲಿ ಕಾದು ನಿಂತು ಚಿತ್ರ ತೆಗೆದು ಹಣ ಕೇಳದೆ ಕೊಟ್ಟ ವ್ಯಕ್ತಿಗೆ ಸಲ್ಲಬೇಕಾದದ್ದು ಅದೊಂದೇ ಹೆಸರು. ಚಿತ್ರದ ಶೀರ್ಷಿಕೆ, ತೆಗೆದವರ ಹೆಸರು, ಮೂಲ ಪುಟದ ಕೊಂಡಿ, ಆವೃತ್ತಿ ಸಹಿತ ಪರವಾನಗಿಯ ಹೆಸರು ಮತ್ತು ಅದರ ಕೊಂಡಿ ಇಷ್ಟೂ ಚಿತ್ರದ ಕೆಳಗಿರಬೇಕು. ಚಿತ್ರವನ್ನು ಕತ್ತರಿಸಿದ್ದರೆ ಅದನ್ನೂ ಹೇಳಬೇಕು. ಆವೃತ್ತಿಯ ಸಂಖ್ಯೆಗೂ ತೂಕವಿದೆ. 2013ರಲ್ಲಿ ಬಂದ ಸಿಸಿ ಪರವಾನಗಿಗಳ 4.0 ಆವೃತ್ತಿಯಲ್ಲಿ, ತಪ್ಪು ಗೊತ್ತಾದ 30 ದಿನಗಳೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳಿ ದೊರೆಯುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ಅವಕಾಶವಿಲ್ಲ, ಹೆಸರು ಬಿಟ್ಟೊಡನೆ ಅನುಮತಿಯೂ ರದ್ದಾಗುತ್ತದೆ. ಒಂದೇ ಬಗೆಯ ಎರಡು ಚಿತ್ರ ಎದುರಿಗಿದ್ದಾಗ ನಾನು 4.0 ಇರುವುದನ್ನೇ ಆರಿಸುತ್ತೇನೆ.

ಚಿತ್ರದಲ್ಲಿ ಗುರುತು ಸಿಗುವ ಮುಖವಿದ್ದರೆ ಇನ್ನೊಂದು ಎಚ್ಚರ ಬೇಕು. ಛಾಯಾಗ್ರಾಹಕರ ಅನುಮತಿ ಒಂದು, ಚಿತ್ರದಲ್ಲಿರುವವರ ಒಪ್ಪಿಗೆ ಮತ್ತೊಂದು. ಈ ಒಪ್ಪಿಗೆ ಪತ್ರಕ್ಕೆ ನಮ್ಮವರು ಮಾಡೆಲ್ ರಿಲೀಸ್ ಎನ್ನುತ್ತಾರೆ. ಉಚಿತ ತಾಣದಲ್ಲಿ ಅದು ಇದ್ದೇ ಇರುತ್ತದೆ ಎಂಬ ಖಾತರಿಯಿಲ್ಲ. ಮದ್ಯವ್ಯಸನದ ಲೇಖನಕ್ಕೋ ಮಾನಸಿಕ ಆರೋಗ್ಯದ ಕ್ಲಿನಿಕ್‌ನ ಪುಟಕ್ಕೋ ಯಾರದೋ ಮುಖವನ್ನು ಹಾಕಿದರೆ ಆ ವ್ಯಕ್ತಿಗೆ ಎಂಥ ನೋವಾದೀತು ಎಂದು ಯೋಚಿಸಿ, ಅಂಥಲ್ಲಿ ನಾನು ಕೈ, ನೆರಳು, ಕಿಟಕಿಯ ಚಿತ್ರಗಳಲ್ಲೇ ಕೆಲಸ ಮುಗಿಸುತ್ತೇನೆ.

ಹಣ ಕೊಡುವುದಾದರೆ ಜಾಣತನದಿಂದ ಕೊಡಬೇಕು. ವರ್ಷಕ್ಕೆ ಇಪ್ಪತ್ತು ಚಿತ್ರ ಸಾಕಾಗುವವರು ವಾರ್ಷಿಕ ಚಂದಾಕ್ಕೆ ಕಟ್ಟುಬೀಳಬಾರದು, ಬೇಕಾದಾಗ ಬೇಕಾದಷ್ಟೇ ಕೊಳ್ಳುವ ಕ್ರೆಡಿಟ್ ಪ್ಯಾಕ್ ಸಾಕು. ತಿಂಗಳಿಗಿಷ್ಟು ಎಂದು ಕಾಣುವ ಬೆಲೆಯ ಕೆಳಗೆ ಒಂದು ವರ್ಷದ ಬದ್ಧತೆ ಸಣ್ಣ ಅಕ್ಷರದಲ್ಲಿ ಇದೆಯೋ ನೋಡಿಕೊಳ್ಳಿ. ಅನೇಕ ಛಾಯಾಗ್ರಾಹಕರು ಒಂದೇ ಚಿತ್ರವನ್ನು ಶಟರ್‌ಸ್ಟಾಕ್, ಅಡೋಬ್ ಸ್ಟಾಕ್, ಡ್ರೀಮ್ಸ್‌ಟೈಮ್ ಹೀಗೆ ಹಲವು ಸ್ಟಾಕ್ ತಾಣಗಳಲ್ಲಿ, ಅಂದರೆ ಸಿದ್ಧ ಚಿತ್ರಗಳ ಅಂಗಡಿಗಳಲ್ಲಿ, ಮಾರಾಟಕ್ಕೆ ಇಡುತ್ತಾರೆ. ಇಷ್ಟವಾದ ಚಿತ್ರವನ್ನು, ಚಿತ್ರ ಕೊಟ್ಟು ಅದರ ಪ್ರತಿಗಳನ್ನು ಹುಡುಕಿಸುವ ಟಿನ್‌ಐ ಅಥವಾ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಅದೇ ಚಿತ್ರ ಬೇರೆಡೆ ಕಡಿಮೆ ಬೆಲೆಗೆ ಸಿಗುವುದುಂಟು, ಮತ್ತು ಅದು ಈಗಾಗಲೇ ಎಷ್ಟು ತಾಣಗಳಲ್ಲಿ ಸವೆದಿದೆ ಎಂಬುದೂ ತಿಳಿಯುತ್ತದೆ. ರಾಯಲ್ಟಿ ಫ್ರೀ ಎಂದರೆ ಪುಕ್ಕಟೆ ಎಂದಲ್ಲ, ಒಮ್ಮೆ ಕೊಂಡರೆ ಕರಾರಿನ ಮಿತಿಯಲ್ಲಿ ಮತ್ತೆ ಮತ್ತೆ ಬಳಸಬಹುದು ಎಂದರ್ಥ. ಎಡಿಟೋರಿಯಲ್ ಎಂದು ಗುರುತಿಸಿದ ಚಿತ್ರವನ್ನು ಸುದ್ದಿ, ವಿಶ್ಲೇಷಣೆಗಳಿಗೆ ಬಳಸಬಹುದು, ಜಾಹೀರಾತಿಗೆ ಸಲ್ಲದು. ಕೊಂಡ ಚಿತ್ರವನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಏರಿಸದೆ, ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ಕಡತವನ್ನು ಹಗುರಾಗಿಸುವ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಹಳ್ಳಿಯ ಮೊಬೈಲಿನಲ್ಲಿಯೂ ಪುಟ ಬೇಗ ತೆರೆಯುತ್ತದೆ.

ಇತ್ತೀಚೆಗೆ ಸ್ಟಾಕ್ ತಾಣಗಳಲ್ಲಿ ಎಐ ರಚಿಸಿದ ಚಿತ್ರಗಳೂ ಬೆರೆತಿವೆ. ಅಡೋಬ್ ಸ್ಟಾಕ್‌ನಲ್ಲಿ ಅವುಗಳನ್ನು ಹೊರಗಿಟ್ಟು ಹುಡುಕುವ ಸೌಲಭ್ಯವಿದೆ, ನಾನು ಅದನ್ನು ಸದಾ ಬಳಸುತ್ತೇನೆ. ಇಲ್ಲದ ಕೋಣೆಯನ್ನೋ ಇಲ್ಲದ ಗದ್ದೆಯನ್ನೋ ತೋರಿಸಿ ಅತಿಥಿಯನ್ನು ಕರೆಯುವುದು ಮೋಸ.

ಸ್ಟಾಕ್‌ನಲ್ಲಿ ಸಿಗದ ವಸ್ತುಗಳಿಗೆ, ಅಂದರೆ ಒಂದು ಮನೆಯ ಅಡುಗೆಗೆ, ಒಂದು ತೋಟಕ್ಕೆ, ಒಂದು ಕೈಕೆಲಸಕ್ಕೆ, ಚಂದಾ ಹಣವನ್ನೇ ಉಳಿಸಿ ಊರಿನ ಛಾಯಾಗ್ರಾಹಕರನ್ನು ಅರ್ಧ ದಿನ ಕರೆಸುವುದು ಲೇಸು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರೇ. ಹಾಗಿದ್ದರೂ ಯಾವ ಚಿತ್ರಗಳು, ಎಲ್ಲೆಲ್ಲಿ ಬಳಕೆ, ಛಾಯಾಗ್ರಾಹಕರು ತಮ್ಮ ಕೆಲಸದ ಮಾದರಿಯಾಗಿ ತೋರಿಸಬಹುದೆ ಎಂಬುದನ್ನು ಒಂದು ಇಮೇಲ್‌ನಲ್ಲಾದರೂ ಬರೆದಿಟ್ಟುಕೊಂಡರೆ ಇಬ್ಬರಿಗೂ ನೆಮ್ಮದಿ.

ಸಕಲೇಶಪುರದ ಮುಖಪುಟವನ್ನು ನಾವು ಕೆಲವು ವಾರ ಖಾಲಿಯೇ ಇಟ್ಟೆವು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಬೆಳಿಗ್ಗೆ ಆರಕ್ಕೇ ಹಿರಿಯರ ಫೋನ್ ಬಂತು: “ತೋಟ ಪೂರ್ತಿ ಬೆಳ್ಳಗಾಗಿದೆಯಮ್ಮ, ಫೋಟೊದವರನ್ನು ಇವತ್ತೇ ಕಳಿಸು, ಇನ್ನೆರಡು ದಿನಕ್ಕೆ ಬಾಡಿಹೋಗುತ್ತದೆ.” ಆ ದಿನ ತೆಗೆದ ನಲವತ್ತು ಚಿತ್ರಗಳಲ್ಲಿ ಹನ್ನೊಂದನ್ನು ಬಳಸಿದೆವು. ಮುಖಪುಟದಲ್ಲಿರುವುದು ಸಿಲ್ವರ್ ಓಕ್ ಮರಗಳ ನಡುವೆ ಇಳಿದ ಬೆಳಕಿನಲ್ಲಿ, ಹೂ ತುಂಬಿದ ರೆಂಬೆಯನ್ನು ಎತ್ತಿ ಹಿಡಿದ ಅವರ ಕೈ.