ಎಣಿಸೋಕೆ ಮೊದಲು ಗುಂಪು: ಹುಣಸೆ ಬೀಜದಲ್ಲಿ ಗಣದ ಪಾಠ

ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳಿದ ಮಾತ್ರಕ್ಕೆ ಸಂಖ್ಯೆ ತಿಳಿಯಿತು ಅಂತಲ್ಲ. ಅದು ಪದ್ಯದ ಹಾಗೆ ಬಾಯಿಪಾಠವೂ ಆಗಿರಬಹುದು. ಐದು ಹುಣಸೆ ಬೀಜ ಎಣಿಸಲು ಕೊಡಿ. ಎಣಿಸಿದ ಮೇಲೆ "ಒಟ್ಟು ಎಷ್ಟಿವೆ?" ಎಂದು ಕೇಳಿ. ಮೂರು ವರ್ಷದ ಎಷ್ಟೋ ಮಕ್ಕಳು ಉತ್ತರ ಹೇಳದೆ ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಕೊನೆಗೆ ಹೇಳಿದ "ಐದು" ಆ ಕೊನೆಯ ಬೀಜದ ಹೆಸರಲ್ಲ, ಇಡೀ ಗುಂಪಿನದು ಎನ್ನುವುದು ಇನ್ನೂ ಹೊಳೆದಿರುವುದಿಲ್ಲ. 1978ರಲ್ಲಿ ಮನೋವಿಜ್ಞಾನಿಗಳಾದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಹೇಳಿದ ಎಣಿಕೆಯ ಐದು ತತ್ವಗಳಲ್ಲಿ ಇದೂ ಒಂದು.

ಹಾಗಾಗಿ ಮೊದಲು ವಿಂಗಡಿಸುವ ಕೆಲಸ. ಬೀಜ, ಗುಂಡಿ, ಬಾಟಲಿ ಮುಚ್ಚಳ ಎಲ್ಲ ಬೆರೆಸಿ ಮೊರಕ್ಕೆ ಹಾಕಿ. ಮಗು ಬೇರೆ ಮಾಡಿದ ಒಂದೊಂದು ಗುಡ್ಡೆಯೂ ಒಂದು ಗಣ, ಅಂದರೆ ಗಣಿತದ ಮಾತಿನಲ್ಲಿ ಒಂದು ಗುಂಪು (ಸೆಟ್). ಬಣ್ಣ ನೋಡಿ ಬೇರೆ ಮಾಡಿದರೂ ಸರಿ, ಆಕಾರ ನೋಡಿ ಮಾಡಿದರೂ ಸರಿ. "ಇದನ್ನು ಯಾಕೆ ಇಲ್ಲಿಟ್ಟೆ?" ಎಂದು ಮಾತ್ರ ಕೇಳಿ. ತೀರಾ ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ, ಪಕ್ಕದಲ್ಲೇ ಇರಿ. ಗುಲಗಂಜಿ ಬೇಡವೇ ಬೇಡ, ಅದು ವಿಷ.

ಆಮೇಲೆ ಜೋಡಿಸುವುದು. ಊಟಕ್ಕೆ ತಟ್ಟೆ ಹಾಕಿ, ತಟ್ಟೆಗೊಂದು ಲೋಟ ಇಡಲು ಹೇಳಿ. ಒಂದು ತಟ್ಟೆಗೆ ಲೋಟ ಸಾಲದಿದ್ದರೆ ತಟ್ಟೆಯೇ ಜಾಸ್ತಿ. ಇಲ್ಲಿ ಎಣಿಕೆಯೇ ಬೇಕಿಲ್ಲ, ಅಲ್ವಾ? ನನಗೆ ತುಂಬಾ ಇಷ್ಟವಾದ ಭಾಗ ಇದು. ಅನಂತ ಗಣಗಳನ್ನು, ಅಂದರೆ ಎಣಿಸಿ ಮುಗಿಯದ ಗುಂಪುಗಳನ್ನು, ಹೋಲಿಸಲು ಗಣಿತಜ್ಞ ಕ್ಯಾಂಟರ್ ಹಿಡಿದ ದಾರಿಯೂ ಇದೇ: ಒಂದಕ್ಕೊಂದು ಜೋಡಿ.

ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಪ್ರಯೋಗವನ್ನೂ ಮಾಡಿ ನೋಡಿ. ಆರು ಬೀಜ, ಅದರ ಎದುರಿಗೆ ಆರು ಗುಂಡಿ. ಸಮ ಇವೆ ಎಂದು ಮಗು ಒಪ್ಪಿದ ಮೇಲೆ ಗುಂಡಿಗಳನ್ನು ದೂರ ದೂರ ಸರಿಸಿ. ನಾಲ್ಕೈದು ವರ್ಷದವರು ಸಾಮಾನ್ಯವಾಗಿ "ಗುಂಡಿ ಜಾಸ್ತಿ" ಅನ್ನುತ್ತಾರೆ. ತಪ್ಪು ಅಂತ ತಿದ್ದಬೇಡಿ. ಮಗುವೇ ಮತ್ತೆ ಜೋಡಿಸಿ ನೋಡಲಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಎರಡು ಲೋಟ, ಆದರೆ ಇಬ್ಬರು ಅಕ್ಕಂದಿರು. ಪದ ಬೇರೆಯಾದರೂ ಎಷ್ಟು ಎನ್ನುವುದು ಒಂದೇ. ಒಬ್ಬೊಬ್ಬ ಅಕ್ಕನ ಕೈಗೂ ಒಂದೊಂದು ಲೋಟ ಕೊಡಿಸಿ, ಮಗುವಿಗೆ ಕಾಣುತ್ತದೆ.

ಅಂಕಿ ಬರೆಸುವುದು ಕೊನೆಗೆ. ಡಬ್ಬಿಗಳಲ್ಲಿ ಮೂರು, ಎರಡು, ಒಂದು ಬೀಜ ಹಾಕಿ ಚೀಟಿ ಅಂಟಿಸಿ. ನಾಲ್ಕನೆಯ ಡಬ್ಬಿ ಖಾಲಿ ಇರಲಿ. ಮಗು ಅದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ. ಸದ್ದಿಲ್ಲ. "ಏನೂ ಇಲ್ಲ" ಎಂದಾಗ 0 ಬರೆದ ಚೀಟಿ ಕೈಗೆ ಕೊಡಿ.