ಅಂಡಾಶಯದ ಕ್ಯಾನ್ಸರ್: ಪ್ರಾಥಮಿಕ ಆರೈಕೆಯಲ್ಲಿ ಶಂಕೆ ಮೂಡಬೇಕಾದ ಹೊತ್ತು

ಯಾವ ತೊಂದರೆಯೂ ಇಲ್ಲದ ಮಹಿಳೆಯರನ್ನು ಸಾಮೂಹಿಕವಾಗಿ ತಪಾಸಣೆ ಮಾಡುವುದು ಒಂದು; ತೊಂದರೆ ಹೇಳಿಕೊಂಡು ಬಂದವರಲ್ಲಿ ಈ ಕಾಯಿಲೆಯನ್ನು ಶಂಕಿಸುವುದು ಇನ್ನೊಂದು. ಇವೆರಡನ್ನು ಕಲಸಿಕೊಂಡರೆ ಓದಿದ್ದೆಲ್ಲ ಗೋಜಲಾಗುತ್ತದೆ.

ಸಾಮೂಹಿಕ ತಪಾಸಣೆ ಜೀವ ಉಳಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಯುಕೆಸಿಟಿಒಸಿಎಸ್ ಅಧ್ಯಯನದ 2021ರ ವರದಿಯಂತೆ, ಪ್ರತಿವರ್ಷ ಸಿಎ-125 (ಈ ಕ್ಯಾನ್ಸರ್‌ನಲ್ಲಿ ಏರಬಹುದಾದ ಪ್ರೋಟೀನ್) ರಕ್ತಪರೀಕ್ಷೆ ಅಥವಾ ಸ್ಕ್ಯಾನ್ ಮಾಡಿದರೂ ಸಾವುಗಳು ಕಡಿಮೆಯಾಗಲಿಲ್ಲ. ಅಮೆರಿಕದ ಪಿಎಲ್‌ಸಿಒ ಅಧ್ಯಯನದಲ್ಲಂತೂ ಕ್ಯಾನ್ಸರ್ ಇಲ್ಲದ ಸಾವಿರಕ್ಕೂ ಹೆಚ್ಚು ಮಹಿಳೆಯರು ತಪ್ಪು ಫಲಿತಾಂಶದಿಂದಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರಲ್ಲಿ ಸುಮಾರು ಶೇ 15ರಷ್ಟು ಮಂದಿಗೆ ಗಂಭೀರ ತೊಡಕುಗಳಾದವು. ಇದನ್ನು ಓದಿದಾಗ ಮನಸ್ಸು ಭಾರವಾಗುತ್ತದೆ.

ಹಾಗಾಗಿ ನಮ್ಮ ಕೈಯಲ್ಲಿರುವುದು ರೋಗಿಯ ಮಾತು. ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇಪದೇ ಅವಸರದ ಮೂತ್ರ ಇವು ನಾಲ್ಕು ಮುಖ್ಯ ಲಕ್ಷಣಗಳು. ಎಲ್ಲವೂ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬಹುದಾದಂಥವೇ. ವ್ಯತ್ಯಾಸ ತಿಳಿಯಬೇಕಾದರೆ ಕೆದಕಿ ಕೇಳಬೇಕು: "ಇದು ಯಾವಾಗಿನಿಂದ? ತಿಂಗಳಲ್ಲಿ ಎಷ್ಟು ದಿನ? ಬೆಳಗ್ಗೆ ಏಳುವಾಗ ಉಬ್ಬರ ಇಳಿದಿರುತ್ತದೆಯೇ, ಹಾಗೆಯೇ ಇರುತ್ತದೆಯೇ? ಬಟ್ಟೆ ಸೊಂಟದಲ್ಲಿ ಬಿಗಿಯಾಗುತ್ತಿದೆಯೇ?" ಇತ್ತೀಚೆಗೆ ಶುರುವಾಗಿ, ತಿಂಗಳಿಗೆ 12ಕ್ಕಿಂತ ಹೆಚ್ಚು ಬಾರಿ ಕಾಡುವ ಲಕ್ಷಣವನ್ನು ಹಗುರವಾಗಿ ಕಾಣುವಂತಿಲ್ಲ. ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಐಬಿಎಸ್ (ಕರುಳಿನ ಕಿರಿಕಿರಿಯ ತೊಂದರೆ) ಎಂದು ಬರೆಯುವ ಮುನ್ನ ಅಂಡಾಶಯ ನೆನಪಾಗಲೇಬೇಕು. ತಾಯಿ ಅಥವಾ ಅಕ್ಕತಂಗಿಯರಿಗೆ ಅಂಡಾಶಯದ ಇಲ್ಲವೇ ಸ್ತನದ ಕ್ಯಾನ್ಸರ್ ಬಂದಿತ್ತೇ ಎಂಬುದನ್ನೂ ಕೇಳಿ. ಈ ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿದುಬರುವ ಬಿಆರ್‌ಸಿಎ ಜೀನ್ ದೋಷದ ಸುಳಿವು ಅಲ್ಲಿ ಸಿಗಬಹುದು.

"ಪ್ಯಾಪ್ ಪರೀಕ್ಷೆ ಸರಿಯಾಗಿಯೇ ಬಂದಿದೆಯಲ್ಲ" ಎಂದು ಕೆಲವರು ಹೇಳುತ್ತಾರೆ. ಅದು ಗರ್ಭಕೊರಳಿನ ಪರೀಕ್ಷೆ; ಅಂಡಾಶಯದ ಬಗ್ಗೆ ಅದರಿಂದ ಧೈರ್ಯ ತಂದುಕೊಳ್ಳುವಂತಿಲ್ಲ.

ಮುಂದಿನ ಹಾದಿಯನ್ನು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಸ್ಪಷ್ಟವಾಗಿ ಹಾಕಿಕೊಟ್ಟಿತು. ಪರೀಕ್ಷಿಸುವಾಗ ಹೊಟ್ಟೆಯಲ್ಲಿ ನೀರು ತುಂಬಿರುವುದೋ, ಕ್ಯಾನ್ಸರ್ ಶಂಕೆ ಹುಟ್ಟಿಸುವ ಗಡ್ಡೆಯೋ ಕಂಡರೆ ರಕ್ತದ ವರದಿಗೆ ಕಾಯದೆ ತಜ್ಞರ ಬಳಿ ಕಳುಹಿಸಬೇಕು. ಇಲ್ಲದಿದ್ದರೆ ಸಿಎ-125 ಪರೀಕ್ಷೆ; ಅದು 35 ಐಯು/ಮಿಲೀ ಅಥವಾ ಹೆಚ್ಚಿದ್ದರೆ ಹೊಟ್ಟೆಯ ಮತ್ತು ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್. ಆದರೆ ಈ ಸಂಖ್ಯೆಯೊಂದನ್ನೇ ನಂಬಬೇಡಿ. ಮುಟ್ಟು, ಗರ್ಭಧಾರಣೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು), ಯಕೃತ್ತಿನ ಕಾಯಿಲೆಗಳಲ್ಲೂ ಅದು ಏರುತ್ತದೆ. ಮೊದಲ ಹಂತದ ಕ್ಯಾನ್ಸರ್ ಇರುವ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏರಿರುವುದೇ ಇಲ್ಲ. ಆದ್ದರಿಂದ ವರದಿ ಸಹಜವಾಗಿದ್ದರೂ, ಲಕ್ಷಣ ನಿಲ್ಲದಿದ್ದರೆ ಅಥವಾ ಹೆಚ್ಚಾದರೆ ಮತ್ತೆ ಬರಲೇಬೇಕೆಂದು ರೋಗಿಗೆ ಬಿಡಿಸಿ ಹೇಳಿ, ಹಾಗೆ ಹೇಳಿದ್ದನ್ನು ಚೀಟಿಯಲ್ಲೂ ಬರೆದುಕೊಡಬೇಕು.