ಅಕಿತೋನ ಎಲ್ಲರೂ ಕ್ಷಮಿಸಿಬಿಟ್ರಾ? ಇಲ್ಲ ಕಣ್ರೀ, ಇನ್ನೊಂದ್ಸಲ ಹೇಳ್ತೀನಿ ಕೇಳಿ

ಪ್ರಶ್ನೆ: "ಫ್ರೂಟ್ಸ್ ಬಾಸ್ಕೆಟ್ ಪೂರ್ತಿ ನೋಡಿ ಮುಗಿಸಿದೆ, ಇಷ್ಟ ಆಯ್ತು. ಆದ್ರೆ ಆ ಅಕಿತೋ ಅಷ್ಟೆಲ್ಲ ಹಿಂಸೆ ಕೊಟ್ಟು ಕೊನೇಲಿ ನಾಕು ಹನಿ ಕಣ್ಣೀರು ಹಾಕಿದ್ದಕ್ಕೆ ಎಲ್ಲರೂ ಕ್ಷಮಿಸಿಬಿಟ್ರಲ್ಲ, ಇದ್ಯಾವ ನ್ಯಾಯ? ಶೋಜೋ ಮಾಂಗಾದಲ್ಲಿ ಯಾವಾಗ್ಲೂ ಹಿಂಗೇನಾ?"

ಉತ್ತರ: ಗೊತ್ತಿಲ್ಲದೋರಿಗೆ ಎರಡೇ ಮಾತು: ಫ್ರೂಟ್ಸ್ ಬಾಸ್ಕೆಟ್ ಒಂದು ಜಪಾನಿ ಮಾಂಗಾ, ಅಂದ್ರೆ ಚಿತ್ರಕಥೆ, ಅದನ್ನೇ ಅನಿಮೆ, ಅಂದ್ರೆ ಅನಿಮೇಷನ್ ಧಾರಾವಾಹಿನೂ ಮಾಡಿದಾರೆ. ತೋಹ್ರು ಅನ್ನೋ ಅನಾಥ ಹುಡುಗಿ ಸೋಮಾ ಮನೆತನದೋರ ಜೊತೆ ಇರಕ್ಕೆ ಬರ್ತಾಳೆ, ಆ ಮನೆತನದ ಕೆಲವರಿಗೆ ತಬ್ಬಿಕೊಂಡ್ರೆ ಪ್ರಾಣಿ ಆಗೋ ಶಾಪ ಇದೆ, ಮುಂದೆ ಬರೋ ಹಾತೊರಿ, ಯೂಕಿ, ಹಿರೋ, ಕಿಸಾ, ರಿನ್, ಕುರೆನೋ, ಹಾರು, ಶಿಗುರೆ ಎಲ್ಲಾ ಅವರೇ, ಅವರೆಲ್ಲರ ಮೇಲೆ ಯಜಮಾನಿಕೆ ಮಾಡೋದು ಅಕಿತೋ. ಈ ಪ್ರಶ್ನೆ ವೇಷ ಬದಲಾಯಿಸ್ಕೊಂಡು ಬರ್ತಾನೇ ಇರತ್ತೆ, ಒಂದ್ಸಲ ಸಿಟ್ಟಲ್ಲಿ, ಒಂದ್ಸಲ ಬೇಜಾರಲ್ಲಿ, ಒಂದ್ಸಲ "ತೋಹ್ರು ಅಷ್ಟು ಪೆದ್ದೀನಾ" ಅನ್ನೋ ರೂಪದಲ್ಲಿ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಅಂತ ನೀವು ಬೈದ್ರೂ ಪರ್ವಾಗಿಲ್ಲ, ಈ ಸಲ ಕೂತು ಪೂರ್ತಿ ಬರೀತಿದೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸ್ತೀನಿ. ಕಥೆ ಮುಗಿಸದೇ ಇರೋರು ಇಲ್ಲೇ ನಿಲ್ಲಿಸಿ, ಮುಂದೆ ಎಲ್ಲಾ ಗುಟ್ಟೂ ರಟ್ಟಾಗತ್ತೆ.

ಎರಡನೇ ಭಾಗ ಬೇಗ ಮುಗಿಸ್ತೀನಿ. ಶೋಜೋದಲ್ಲಿ ಯಾವಾಗ್ಲೂ ಹಿಂಗೆ ಅನ್ನೋದೇ ಇಲ್ಲ. ಶೋಜೋ, ಅಂದ್ರೆ ಹುಡುಗಿಯರ ಮಾಂಗಾ, ಅನ್ನೋದು ಕಥೆ ಯಾವ ಪತ್ರಿಕೆಯಲ್ಲಿ, ಯಾವ ಓದುಗರಿಗೆ ಅಂತ ಬಂತು ಅನ್ನೋದರ ಮೇಲೆ ಬಿದ್ದ ಹೆಸರು ಅಷ್ಟೆ. ತರಂಗದಲ್ಲೋ ಸುಧಾದಲ್ಲೋ ಧಾರಾವಾಹಿ ಬಂದ ಮಾತ್ರಕ್ಕೆ ಅದು ಅತ್ತೆ ಸೊಸೆ ಕಥೆನೇ ಆಗಿರ್ಬೇಕು ಅಂತ ಏನೂ ಇಲ್ವಲ್ಲ, ಹಂಗೇ. ನ್ಯೂಯಾರ್ಕಿನ ಗ್ಯಾಂಗು, ಡ್ರಗ್ಸು, ಕೊಲೆ ತುಂಬಿರೋ ಬನಾನಾ ಫಿಶ್ 1985ರಿಂದ 1994ರವರೆಗೆ ಬಂದಿದ್ದು ಹುಡುಗಿಯರ ಪತ್ರಿಕೆಯಲ್ಲೇ. ಫ್ರೂಟ್ಸ್ ಬಾಸ್ಕೆಟ್ ಬಂದ ಹಾನಾ ಟೊ ಯುಮೆ ಪತ್ರಿಕೆಯಲ್ಲೇ ಆಮೇಲೆ 2009ರಲ್ಲಿ ಯೋನಾ ಆಫ್ ದ ಡಾನ್ ಶುರುವಾಯ್ತು, ಅದರಲ್ಲಿ ಸೂವೊನ್ ಅನ್ನೋ ಪುಣ್ಯಾತ್ಮ ರಾಜಕುಮಾರಿ ಯೋನಾಗೆ 16 ತುಂಬೋ ದಿನವೇ ಅವಳ ಅಪ್ಪನ್ನ ಕೊಂದು ಸಿಂಹಾಸನ ಏರ್ತಾನೆ, ಏರಿದ್ಮೇಲೆ ರಾಜ್ಯನ ಆ ಅಪ್ಪನಿಗಿಂತ ಚೆನ್ನಾಗೇ ನೋಡ್ಕೋತಾನೆ! ಅವನನ್ನ ಬೈಬೇಕೋ ಮೆಚ್ಚಬೇಕೋ ಅಂತ ಫ್ಯಾನ್ಸ್ ಜಗಳ ಇವತ್ತಿಗೂ ಮುಗಿದಿಲ್ಲ. ನಾನಾ ಅನ್ನೋ ಇನ್ನೊಂದು ಮಾಂಗಾದ ತಕುಮಿ ಅನ್ನೋ ಪಾತ್ರದ ಹೆಸರು ಎತ್ತಿ ನೋಡಿ, ಇದ್ದ ಗುಂಪು ಎರಡಾಗತ್ತೆ. ಸಾಕಲ್ಲ, ಅಕಿತೋ ಹತ್ರ ಬರೋಣ.

ಮೊದಲು ಅವಳು ಮಾಡಿದ್ದೇನು ಅಂತ ನೆನಪು ಮಾಡ್ಕೊಳಿ, ಯಾಕಂದ್ರೆ ಅವಳ ಪರ ಮಾತಾಡೋರು ಇದನ್ನ ಸಲೀಸಾಗಿ ಮರೀತಾರೆ. ಹಾತೊರಿ, ತಾನು ಪ್ರೀತಿಸಿದ ಕಾನಾನ ಮದುವೆ ಆಗ್ತೀನಿ ಅಂತ ಒಪ್ಪಿಗೆ ಕೇಳಕ್ಕೆ ಹೋದಾಗ ರಂಪ ಮಾಡಿ ಅವನ ಎಡಗಣ್ಣು ಹಾಳು ಮಾಡಿದ್ಳು, ಅದು ಸಾಲ್ದು ಅಂತ ಆ ತಪ್ಪನ್ನ ಕಾನಾ ತಲೆಗೇ ಕಟ್ಟಿದ್ಳು, ಆ ಹುಡುಗಿ ಕೊರಗಿ ಕೊರಗಿ ಕುಸಿದು ಹೋಗಿ ಕೊನೆಗೆ ಹಾತೊರಿನೇ ಕೈಯಾರೆ ಅವಳ ನೆನಪು ಅಳಿಸಬೇಕಾಯ್ತು. ಯೂಕಿನ ಚಿಕ್ಕ ವಯಸ್ಸಲ್ಲೇ ಕತ್ತಲೆ ಕೋಣೆಗೆ ಹಾಕಿ, ನೀನು ಯಾರಿಗೂ ಬೇಡದವನು ಅಂತ ತಲೆಗೆ ತುಂಬಿದ್ಳು. ಹಿರೋ ಬಂದು ನಂಗೆ ಕಿಸಾ ಇಷ್ಟ ಅಂದ್ರೆ ಹೊಡೆಸಿಕೊಂಡಿದ್ದು ಕಿಸಾ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇದಕ್ಕೇ. ರಿನ್‌ನ ಕಿಟಕಿಯಿಂದ ಆಚೆಗೆ ತಳ್ಳಿದ್ಳು, ಆಮೇಲೆ ಅದೇ ರಿನ್‌ಗೆ ಕೂದಲು ಕತ್ತರಿಸಿ ಬೆಕ್ಕಿನ ಕೋಣೆಯಲ್ಲಿ (ಬೆಕ್ಕಿನ ಶಾಪ ಇರೋನನ್ನ ಕೂಡಿಹಾಕೋಕೆ ಅಂತಲೇ ಇರೋ ಕೋಣೆ) ಕೂಡಿಹಾಕಿದ್ಳು. ಕುರೆನೋ ಬೆನ್ನಿಗೆ ಚಾಕು ಹಾಕಿದ್ಳು. ಇದೆಲ್ಲಾ ಆಗಿದ್ದೇ, ಇದರಲ್ಲಿ ಯಾವುದನ್ನೂ ಕಥೆ "ಪಾಪ, ಗೊತ್ತಾಗದೆ ಮಾಡಿದ್ಳು" ಅಂತ ತೇಲಿಸಿಲ್ಲ. ಆದ್ರೆ ಒಂದು, ತೋಹ್ರುನ ಅವಳೇ ಗುಡ್ಡದಿಂದ ತಳ್ಳಿದ್ಳು ಅಂತಾರಲ್ಲ ಅದು ಸುಳ್ಳು, ಅಲ್ಲಿ ಮಳೆಗೆ ನೆಲ ಕುಸೀತು, ದಯವಿಟ್ಟು ಆ ಒಂದನ್ನ ಲಿಸ್ಟಿಂದ ತೆಗೀರಿ, ಉಳಿದಿದ್ದೇ ಬೇಕಾದಷ್ಟಿದೆ.

ಈಗ ಆ ಹಠಮಾರಿ ಸುಳ್ಳಿನ ವಿಷಯ, ಎಲ್ಲರೂ ಕ್ಷಮಿಸಿಬಿಟ್ರು ಅನ್ನೋದು. ಇದು ಎಲ್ಲಿಂದ ಹುಟ್ತು ಅಂತ ನಂಗೆ ಅನ್ಸೋದು ಹೇಳ್ತೀನಿ. ಮಾಂಗಾ ಬಂದಿದ್ದು 1998ರಿಂದ 2006ರವರೆಗೆ, ಒಟ್ಟು 23 ಸಂಪುಟ. ಮೊದಲ ಅನಿಮೆ ಬಂದಿದ್ದು 2001ರಲ್ಲಿ, ಬರೀ 26 ಎಪಿಸೋಡು. ಅಂದ್ರೆ ಕಥೆ ಇನ್ನೂ ಅರ್ಧನೂ ಆಗಿರಲಿಲ್ಲ, ಅಕಿತೋ ಹೆಣ್ಣು ಅನ್ನೋದೇ ಆಚೆ ಬಂದಿರಲಿಲ್ಲ, ಗಂಡಸು ಅಂತಲೇ ತೋರಿಸಿ, ಕೊನೇಲಿ ತೋಹ್ರು ನಾಕು ಒಳ್ಳೆ ಮಾತಾಡಿದ ಕೂಡ್ಲೇ ಅಕಿತೋ ಕರಗಿದ ಹಂಗೆ ಮಾಡಿ ಮುಗಿಸಿದ್ರು, ಏನಾದ್ರೂ ಮಾಡಿ ಮುಗಿಸಲೇಬೇಕಿತ್ತಲ್ಲ. ಅದನ್ನ ನೋಡಿದೋರ ತಲೇಲಿ ಆ ಚಿತ್ರ ಹಂಗೇ ಕೂತುಬಿಟ್ಟಿದೆ. 2019ರಲ್ಲಿ ಮತ್ತೆ ಮಾಡುವಾಗ ಲೇಖಕಿ ನತ್ಸುಕಿ ತಕಾಯಾ ಹೊಸ ತಂಡನೇ ಬೇಕು ಅಂತ ಕೇಳಿದ್ರು, ಮೊದಲಿಂದ ಕೊನೆವರೆಗೆ ಮೂರು ಸೀಸನ್ನಲ್ಲಿ 63 ಎಪಿಸೋಡು ಮಾಡಿದ್ರು, ಆದ್ರೆ ಕೊನೇ ಸೀಸನ್ನಿಗೆ ಸಿಕ್ಕಿದ್ದು ಬರೀ 13. ಚಾಕು, ಗುಡ್ಡ, ಆಸ್ಪತ್ರೆ, ಶಾಪ ಬಿಡೋದು, ಎಲ್ಲಾ ಒಂದರ ಹಿಂದೆ ಒಂದು ಓಡತ್ತೆ. ಓಡೋ ರೈಲಿನ ಕಿಟಕಿಯಿಂದ ಸ್ಟೇಷನ್ ಬೋರ್ಡ್ ಓದಿದ್ರೆ ಆಗೋ ಗತಿನೇ ಆಗತ್ತೆ, ಅಕಿತೋ ಅತ್ತಿದ್ದು ಕಾಣತ್ತೆ, ಮುಂದಿನ ಸೀನಲ್ಲಿ ಎಲ್ಲರೂ ನಗ್ತಿರೋದು ಕಾಣತ್ತೆ, ಮಧ್ಯದ್ದನ್ನ ನೀವೇ ತುಂಬ್ಕೋತೀರಾ.

ಮಧ್ಯದಲ್ಲಿ ಏನಿದೆ ಅಂದ್ರೆ ರಿನ್ ಇದಾಳೆ. ರಿನ್ ಕ್ಷಮಿಸಲ್ಲ. ಶಾಪ ಬಿಟ್ಟ ಮೇಲೂ ತನ್ನಿಂದ ಅದು ಆಗಲ್ಲ ಅಂತಾಳೆ, ಅದಕ್ಕೆ ಹಾರು ಏನು ಮಾಡ್ತಾನೆ ನೋಡಿ, "ಹೋಗ್ಲಿ ಬಿಡು, ದೊಡ್ಡ ಮನಸ್ಸು ಮಾಡು" ಅಂತ ಬುದ್ಧಿ ಹೇಳಕ್ಕೆ ಹೋಗಲ್ಲ, ಒತ್ತಾಯ ಮಾಡಲ್ಲ, ಅವಳ ಪಕ್ಕ ಇರ್ತಾನೆ ಅಷ್ಟೆ. ನಮ್ಮ ಮನೆಗಳಲ್ಲಿ ಎಷ್ಟು ಜನಕ್ಕೆ ಈ ಸವಲತ್ತು ಸಿಗತ್ತೆ ಹೇಳಿ, ಹಬ್ಬದ ದಿನ ಎಲ್ಲರೂ ಒಂದಾಗಿದಾರೆ ನೀನೊಬ್ಳೇ ಯಾಕೆ ಮುಖ ಊದಿಸ್ಕೊಂಡಿದೀಯಾ ಅಂತಲೇ ಕೇಳ್ತಾರೆ. ತಕಾಯಾ ಹಂಗೆ ಕೇಳಿಸಿಲ್ಲ. ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಏಟು ತಿಂದ ಹುಡುಗಿಗೆ ಕ್ಷಮಿಸದೇ ಇರೋ ಜಾಗ ಬಿಟ್ಟುಕೊಟ್ಟಿದಾರೆ, ಅದನ್ನೇ ಓದದೆ "ಎಲ್ಲರೂ ಕ್ಷಮಿಸಿದ್ರು" ಅಂದ್ರೆ ನಂಗೆ ಪಿತ್ತ ನೆತ್ತಿಗೇರತ್ತೆ.

"ಸರಿ, ಆದ್ರೆ ಉಳಿದೋರು? ಹಾತೊರಿ ಒಂದು ದಿನ ಕೂಡ ತಿರುಗಿ ಮಾತಾಡಲಿಲ್ವಲ್ಲ" ಅಂತೀರಾ. ಇಲ್ಲೇ ಎಲ್ಲರೂ ಎಡವೋದು. ಶಾಪ ಅಂದ್ರೆ ಬರೀ ತಬ್ಬಿಕೊಂಡ್ರೆ ಪ್ರಾಣಿ ಆಗೋದಲ್ಲ ಕಣ್ರೀ, ಅದು ತಮಾಷೆ ಭಾಗ. ನಿಜವಾದ ಶಾಪ ಅಂದ್ರೆ ಅಕಿತೋ ಆ ಕೂಟಕ್ಕೆ ದೇವರು, ಅವಳನ್ನ ಕಂಡ್ರೆ ಇವರಿಗೆ ಪ್ರೀತಿ ಭಯ ಎರಡೂ ಒಟ್ಟಿಗೆ ಉಕ್ಕತ್ತೆ, ಬೇಡ ಅಂದ್ರೂ ಉಕ್ಕತ್ತೆ. ಕಣ್ಣು ಹೋದ ಹಾತೊರಿ ಸುಮ್ನಿದ್ದಿದ್ದು, ರಿನ್ ವಿಷಯ ಗೊತ್ತಾಗಿ ಹಾರು ಏರಿ ಹೋದ್ರೂ ಏಟು ಅವಳ ಮೇಲೆ ಬೀಳದೇ ಇದ್ದಿದ್ದು, ಇದಕ್ಕೆ ಕ್ಷಮೆ ಅಂತ ಹೆಸರಿಡಬೇಡಿ. ಕೈ ಕಟ್ಟಿಹಾಕಿದೋನು ಹೊಡೀಲಿಲ್ಲ ಅಂದ್ರೆ ಅವನು ಕ್ಷಮಿಸಿದ ಅಂತ ಅರ್ಥನಾ? ಶಾಪ ಹರಿದ ಮೇಲೇನೇ ಅವರಿಗೆ ಮೊದಲ ಸಲ ಕೋಪ ಮಾಡ್ಕೊಳೋದಕ್ಕೆ, ದೂರ ಹೋಗೋದಕ್ಕೆ, ಬೇಕಿದ್ರೆ ಹತ್ರ ಇರೋದಕ್ಕೆ ಸ್ವಂತ ಇಷ್ಟ ಅನ್ನೋದು ಸಿಕ್ಕಿದ್ದು. ಅಷ್ಟರಲ್ಲಿ ಕಥೆ ಮುಗೀತಾ ಬಂದಿರತ್ತೆ. ಅಕಿತೋ ಹೆಣ್ಣುಮಕ್ಕಳ ಕಿಮೊನೊ ಉಟ್ಟು ಎಲ್ಲರ ಮುಂದೆ ಬರ್ತಾಳೆ, ಇವರು ದಂಗಾಗ್ತಾರೆ. ಸಾಲಾಗಿ ಬಂದು ತಬ್ಬಿ ಅಳೋ ಸೀನು ಇಡೀ 23 ಸಂಪುಟದಲ್ಲಿ ಎಲ್ಲೂ ಇಲ್ಲ.

ಇದಕ್ಕೆ ಕುರೆನೋನೇ ಸಾಕ್ಷಿ. ಅವನ ಶಾಪ ಮೊದಲೇ ಬಿಟ್ಟು ಹೋಗಿತ್ತು, ಬೇಕಾದ್ರೆ ಎದ್ದು ಹೋಗಬಹುದಿತ್ತು, ಆದ್ರೆ ಅಕಿತೋ ಅತ್ತಳು ಅಂತ ಕರುಣೆಯಿಂದ ವರ್ಷಗಟ್ಟಲೆ ಅಲ್ಲೇ ಉಳಿದ. ನಿಮ್ಮ ಲೆಕ್ಕದಲ್ಲಿ ಇವನೇ ದೊಡ್ಡ ಕ್ಷಮಾಗುಣದ ಮನುಷ್ಯ. ಅದರಿಂದ ಏನಾಯ್ತು, ಅವಳು ಒಳ್ಳೆಯವಳಾದ್ಲಾ? ಇನ್ನೂ ಕೆಟ್ಟಳು, ಕೊನೆಗೆ ಚಾಕು ಬಿತ್ತು, ತನ್ನ ಕರುಣೆಯಿಂದ ಇಬ್ಬರಿಗೂ ಒಳ್ಳೇದಾಗಲಿಲ್ಲ ಅಂತ ಅವನಿಗೇ ಅರ್ಥ ಆಯ್ತು. ಕ್ಷಮೆಯೊಂದೇ ಮದ್ದು ಅಂತ ಹೇಳೋ ಕಥೆ ಈ ಪಾತ್ರನ ಬರೀತಿತ್ತಾ?

ಇನ್ನು ತೋಹ್ರು. ಗುಡ್ಡದ ಸೀನನ್ನ ದಯವಿಟ್ಟು ನಿಧಾನಕ್ಕೆ ಓದಿ. ಮಳೆ, ಅಕಿತೋ ಕೈಯಲ್ಲಿ ಚಾಕು, ಎದುರಿಗೆ ತೋಹ್ರು. ಈ ಹುಡುಗಿ ಅಲ್ಲಿ ನಿಂತು "ನೀನು ಮಾಡಿದ್ದೆಲ್ಲಾ ಮಾಫಿ" ಅಂತ ಎಲ್ಲರ ಪರವಾಗಿ ಸಹಿ ಹಾಕಿ ಕೊಡಲ್ಲ. ಅವಳು ನೋಡೋದು ಬೇರೆ, ಬದಲಾಗದ, ಬಿಟ್ಟು ಹೋಗದ ಒಂದು ಬಂಧ ಬೇಕು ಅಂತ ಅಕಿತೋ ಒದ್ದಾಡ್ತಿದಾಳಲ್ಲ, ತಾನೂ ಸತ್ತ ಅಮ್ಮನ್ನ ಹಂಗೇ ಹಿಡ್ಕೊಂಡು ಕೂತಿದೀನಲ್ಲ ಅಂತ. ಅಮ್ಮನ ಫೋಟೋ ಚೀಲದಲ್ಲಿ ಇಟ್ಕೊಂಡು ಟೆಂಟಲ್ಲಿ ಮಲಗ್ತಿದ್ದ ಹುಡುಗಿ ಅವಳು, ಮೊದಲ ಸಂಪುಟದಿಂದ ಇದು ಕಣ್ಣ ಮುಂದೆನೇ ಇತ್ತು, ನಾವು ಅದನ್ನ ಮುದ್ದು ಅಂದ್ಕೊಂಡು ಮುಂದೆ ಹೋಗಿದ್ವಿ. ಹಂಗಾಗಿ ಅವಳು ಕೈ ಚಾಚೋದು ದೊಡ್ಡವಳಾಗಿ ಅಲ್ಲ, ಅದೇ ಹೊಂಡದಲ್ಲಿ ಇರೋ ಇನ್ನೊಬ್ಬಳಾಗಿ. ಅದು ಸ್ನೇಹ, ತೀರ್ಪಲ್ಲ, ಕಿಸಾ ಪರವಾಗಿ ರಿನ್ ಪರವಾಗಿ ಕ್ಷಮಿಸೋ ಹಕ್ಕು ತೋಹ್ರುಗಿಲ್ಲ, ಅವಳು ಅದನ್ನ ಕೇಳೂ ಇಲ್ಲ.

ಅಕಿತೋ ಬಾಲ್ಯ ತೋರಿಸಿದ್ದು ಅವಳನ್ನ ಬಿಡಿಸಕ್ಕೆ ಅಂತ ಇನ್ನೊಂದು ವಾದ ಇದೆ. ಹೌದು, ಅಮ್ಮ ರೆನ್ ಹಠ ಹಿಡಿದು ಗಂಡು ಅಂತ ಬೆಳೆಸಿದ್ದು, ನೀನು ಪ್ರೀತಿಸಲ್ಪಡೋಕೇ ಹುಟ್ಟಿದೋಳು ಅಂತ ಅಪ್ಪ ಅಕಿರಾ ಹೇಳಿ ಹೇಳಿ ಬೇಗ ಸತ್ತಿದ್ದು, ಅವನು ಬಿಟ್ಟು ಹೋದ ಪೆಟ್ಟಿಗೆ ಅಂತ ಅಷ್ಟು ಜನ ಕಿತ್ತಾಡಿದ್ದು, ಕೊನೆಗೆ ಅದರೊಳಗೆ ಏನೂ ಇಲ್ಲದೇ ಇದ್ದಿದ್ದು. ಓದಿದ್ರೆ ಹೊಟ್ಟೆ ಉರಿಯತ್ತೆ, ಅವಳು ಹಿಂಗ್ಯಾಕಾದ್ಲು ಅಂತ ಗೊತ್ತಾಗತ್ತೆ. ಗೊತ್ತಾದ ಮಾತ್ರಕ್ಕೆ ಹಾತೊರಿ ಕಣ್ಣು ವಾಪಸ್ ಬರಲ್ಲ ಅನ್ನೋದೂ ಅದೇ ಪುಟಗಳಲ್ಲಿ ಇದೆ. (ರಿನ್ ಬೇರೆ, ರೆನ್ ಬೇರೆ. ಮೆಸೇಜಲ್ಲಿ ಅದಲು ಬದಲು ಮಾಡಿ ಕಳಿಸ್ತೀರಾ, ಒಂದು ಕ್ಷಣ ಕಥೆನೇ ಬೇರೆ ಆಗ್ಹೋಗತ್ತೆ.) ಪೊಲೀಸು ಕೋರ್ಟು ಯಾಕೆ ಬರಲಿಲ್ಲ ಅಂತ ಕೇಳಿದ್ರೆ, ಅದು ನಂಗೂ ಇರಿಸುಮುರಿಸೇ. ಸೋಮಾ ಮನೆತನದ ಗೋಡೆ ದಾಟಿ ಏನೂ ಆಚೆ ಹೋಗಲ್ಲ, ಆಳುಕಾಳು ಕೂಡ ಬಾಯಿ ಬಿಡಲ್ಲ, ಕಥೆನೂ ಆ ಗೋಡೆನ ಕಾನೂನಿನ ಕಡೆಯಿಂದ ತಟ್ಟಿ ನೋಡಲ್ಲ. ಈ ತಕರಾರು ಮಾಡಿದ್ರೆ ನಾನೂ ನಿಮ್ಮ ಜೊತೆ ಕೂರ್ತೀನಿ.

ಆದ್ರೆ ನಂಗೆ ನಿಜವಾಗ್ಲೂ ಆಶ್ಚರ್ಯ ಆಗೋದೇನು ಗೊತ್ತಾ, ಅಕಿತೋ ಬಗ್ಗೆ ಇಷ್ಟು ಕೇಳೋ ನೀವು ಯಾರೂ ಶಿಗುರೆ ಬಗ್ಗೆ ಕೇಳಲ್ಲ! ತಮಾಷೆ ಮಾಡ್ತಾನೆ, ಕಾದಂಬರಿ ಬರೀತಾನೆ, ಡೆಡ್‌ಲೈನ್ ದಿನ ಕಾಣೆಯಾಗಿ ಪಾಪ ಆ ಎಡಿಟರ್ ಹುಡುಗಿನ ಅಳಿಸ್ತಾನೆ, ಬೇರೆ ಹೆಸರಲ್ಲಿ ಲವ್ ಸ್ಟೋರಿ ಬೇರೆ ಬರೀತಾನೆ, ಸೋ ಫನ್ನಿ ಅಂತ ಮಾಫಿ ಮಾಡಿಬಿಟ್ಟಿದೀರಾ. ಸ್ವಲ್ಪ ಲೆಕ್ಕ ಹಾಕಿ. ಅಕಿತೋ ಕುರೆನೋ ಜೊತೆ ಮಲಗಿದ್ಳು ಅಂತ ಇವನು ಸೇಡಿಗೆ ಅವಳ ಅಮ್ಮನ ಜೊತೆಗೇ ಮಲಗ್ದ, ಅದಕ್ಕೇ ಅವನನ್ನ ದೊಡ್ಡಮನೆಯಿಂದ ಆಚೆ ಹಾಕಿದ್ದು, ಅದಕ್ಕೇ ಆ ಬೇರೆ ಮನೆ ಇರೋದು, ನಾವೆಲ್ಲ ಎಷ್ಟು ಬೆಚ್ಚಗಿದೆ ಅಂತ ಇಷ್ಟಪಟ್ಟ ಮನೆ. ಆ ಮನೆಗೆ ಅಪ್ಪ ಅಮ್ಮ ಇಲ್ಲದ ಹೈಸ್ಕೂಲ್ ಹುಡುಗಿನ ಸೇರಿಸ್ಕೊಂಡಿದ್ದು ಬರೀ ಕರುಣೆಗಲ್ಲ, ಇವಳಿಂದ ಶಾಪ ಸಡಿಲ ಆದ್ರೆ ಅಕಿತೋ ತನಗೆ ಸಿಗ್ತಾಳೆ ಅಂತ. ಅವನು ಯಾರ ಮೇಲೂ ಕೈ ಎತ್ತಲ್ಲ, ಹಾವೂ ಸಾಯಬಾರದು ಕೋಲೂ ಮುರೀಬಾರದು, ಬೇರೆಯವರು ಒಡೆದು ಹೋಗೋವರೆಗೂ ಕಾಯ್ತಾನೆ. ಎಲ್ಲರಿಗಿಂತ ಹೆಚ್ಚು ತಿಳಿದೋನು, ವಯಸ್ಸಲ್ಲಿ ದೊಡ್ಡೋನು, ಕೊನೆಗೆ ತನಗೆ ಬೇಕಾಗಿದ್ದೇ ಪಡ್ಕೊಂಡೋನು ಅವನೊಬ್ನೇ, ಅಕಿತೋ ಜೊತೆ ಸಂಸಾರನೇ ಮಾಡ್ತಾನೆ, ಮುಂದಿನ ಭಾಗದಲ್ಲಿ ಅವರ ಮಗ ಶಿಕಿ ಕೂಡ ಬರ್ತಾನೆ. ಅಕಿತೋ ಅತ್ತಳು, ಕುಗ್ಗಿದ್ಳು, ಸೋತಳು. ಶಿಗುರೆ ಏನು ಕಳ್ಕೊಂಡ?

ಹಂಗಂತ ಅವನನ್ನ ನಾನು ದ್ವೇಷಿಸ್ತೀನಿ ಅಂದ್ಕೋಬೇಡಿ, ಫೇವರಿಟ್ ಪಾತ್ರ ಯಾವುದು ಅಂದ್ರೆ ಅವನೇ, ಯಾಕಂದ್ರೆ ತಕಾಯಾ ಅವನನ್ನ ಎಲ್ಲೂ ಬಚ್ಚಿಟ್ಟಿಲ್ಲ. ಮೊದಲ ಅಧ್ಯಾಯದಲ್ಲೇ ತೋಹ್ರು ಅವನ ಜಗಲಿ ಮೇಲೆ ಇಟ್ಟಿದ್ದ, ಹನ್ನೆರಡು ಪ್ರಾಣಿಗಳ ಚಿತ್ರ ಬರೆದ ಕಲ್ಲುಗಳನ್ನ ನೋಡ್ತಾ ನಿಂತಿರ್ತಾಳೆ, ಆ ಹನ್ನೆರಡರ ಗುಂಪಿಂದ ಹೊರಗೇ ಉಳಿದ ಬೆಕ್ಕಿನ ಬಗ್ಗೆ ಅಮ್ಮ ಹೇಳಿದ ಕಥೆ ಹೇಳ್ತಾಳೆ, ಅವನು ನಗ್ತಾ ಕೇಳಿಸ್ಕೋತಾನೆ. ಎಲ್ಲಾ ಗೊತ್ತಾದ ಮೇಲೆ ವಾಪಸ್ ಹೋಗಿ ಆ ಪುಟ ಓದಿ. ಬೆಕ್ಕಿನ ಮೇಲೆ ಪ್ರೀತಿ ಇರೋ ಹೊರಗಿನ ಹುಡುಗಿ ತಾನಾಗೇ ಬಾಗಿಲಿಗೆ ಬಂದಿದಾಳೆ, ಅವನ ತಲೇಲಿ ಲೆಕ್ಕ ಆಗ್ಲೇ ಶುರುವಾಗಿತ್ತೋ ಏನೋ ಅಂತ ಅನುಮಾನ ಬರತ್ತೆ.

ಅನಿಮೆ ಮಾತ್ರ ನೋಡಿರೋರಿಗೆ ಪೂರ್ತಿ 23 ಓದಿ ಅನ್ನಲ್ಲ. ಇಂಗ್ಲಿಷಲ್ಲಿ ಯೆನ್ ಪ್ರೆಸ್‌ನ ಕಲೆಕ್ಟರ್ಸ್ ಎಡಿಷನ್ 12 ದಪ್ಪ ಪುಸ್ತಕಗಳಲ್ಲಿ ಸಿಗತ್ತೆ, ಕೊನೇ ಮೂರು ಸಾಕು, ರಿನ್ ಬರೋ ಪುಟಗಳನ್ನ ಹಾರಿಸದೆ ಓದಿ. ಆಮೇಲೂ ಎಲ್ಲರೂ ಕ್ಷಮಿಸಿದ್ರು ಅನ್ನಿಸಿದ್ರೆ ಬರೀರಿ, ಯಾವ ಪುಟ ಅಂತ ನಂಬರ್ ಸಮೇತ.